ಬಿಟ್ಟಿಯಿಂದ ಸೇವೆಗೆ: ಝೆಕ್ ನಾಡಿನ ಇತಿಹಾಸದಲ್ಲೊಂದು ಅಧ್ಯಾಯ

ಪ್ರಾಗ್ ನಗರದಲ್ಲಿ ವ್ಲತಾವಾ ನದಿಯ ದಡದ ಮೇಲಿರುವ ರಾಷ್ಟ್ರೀಯ ರಂಗಮಂದಿರವನ್ನು ಹೊಕ್ಕವರಿಗೆ ರಂಗಸ್ಥಳದ ನೆತ್ತಿಯಲ್ಲಿ ಬರೆದಿರುವ ಎರಡು ಶಬ್ದಗಳು ಕಣ್ಣಿಗೆ ಬೀಳುತ್ತವೆ. 'ಜನಾಂಗವು ತನಗೆ' ಎಂಬುದು ಅವುಗಳ ಅರ್ಥ. ಆ ಮಂದಿರವು ಏಳುತ್ತಿದ್ದ ಕಾಲದಲ್ಲಿ ಝೆಕ್ ಜನಕ್ಕೆ ಸ್ವಂತ ರಾಜ್ಯವಿರಲಿಲ್ಲ. ಅವರು ಆಸ್ಟ್ರಿಯದ ಚಕ್ರವರ್ತಿಯ ಪ್ರಜೆಗಳಾಗಿದ್ದರು. ತಮ್ಮ ನುಡಿಯ ನಾಟಕಕ್ಕೆ ತಕ್ಕದಾದ ಒಂದು ಮನೆ ಬೇಕೆಂದು 1850ರಿಂದೀಚೆಗೆ ಊರೂರುಗಳಲ್ಲಿ ಚಂದಾ ಎತ್ತಿದರು. 1868ರ ಮೇ 16ರಂದು ಅಡಿಗಲ್ಲು ಬಿದ್ದಿತು. 1881ರ ಜೂನ್ ತಿಂಗಳಲ್ಲಿ ಬಾಗಿಲು ತೆರೆದ ಆ ಮಂದಿರವು ಅದೇ ಆಗಸ್ಟ್ 12ರಂದು ಬೆಂಕಿಗೆ ಆಹುತಿಯಾಯಿತು. ಮುಂದಿನ 47 ದಿನಗಳಲ್ಲಿ ಹತ್ತು ಲಕ್ಷ ಗುಲ್ಡೆನ್ ಹಣವು ಮತ್ತೆ ಕೂಡಿತು. 1883ರ ನವೆಂಬರ್ 18ರಂದು ಸ್ಮೆತಾನಾ ಅವರ 'ಲಿಬುಶೆ' ಗೀತನಾಟಕದೊಂದಿಗೆ ಬಾಗಿಲು ಮತ್ತೆ ತೆರೆಯಿತು. ಚಕ್ರವರ್ತಿಯ ಮತ್ತು ಸಿರಿವಂತರ ಕಾಣಿಕೆಯೂ ಆ ಮೊತ್ತದಲ್ಲಿ ಸೇರಿತ್ತೆಂಬುದನ್ನು ಉತ್ಸಾಹದ ಭರದಲ್ಲಿ ಮರೆಯುವವರುಂಟು. ಆದರೂ ಹಳ್ಳಿಯ ಬಡವನು ಕೊಟ್ಟ ಪುಡಿಗಾಸಿಗೂ ಲೆಕ್ಕವಿಟ್ಟು, ಒಮ್ಮೆ ಸುಟ್ಟುಹೋದುದನ್ನು ಎರಡೇ ವರ್ಷಗಳಲ್ಲಿ ಮರಳಿ ಕಟ್ಟಿದ ಜನ ಅವರೆಂಬುದರಲ್ಲಿ ಸಂಶಯವಿಲ್ಲ.

ಇದೇ ಜನ, ನೂರು ವರ್ಷಗಳ ತರುವಾಯ, 'ಸ್ವಯಂಸೇವೆ' ಎಂಬ ಮಾತು ಕಿವಿಗೆ ಬಿದ್ದರೆ ನಗುವ ಸ್ಥಿತಿಗೆ ಬಂದಿದ್ದರು. 1989ರಲ್ಲಿ ಸಾಮ್ಯವಾದಿ ಆಡಳಿತವು ಕುಸಿದಾಗ ಅವರ ಮುಂದಿದ್ದ ಕೆಲಸಗಳಲ್ಲಿ ಚುನಾವಣೆ ನಡೆಸುವುದು ಅಷ್ಟು ಕಠಿಣವಾದುದಲ್ಲ. ಅಂಗಡಿ ಕಾರಖಾನೆಗಳನ್ನು ಖಾಸಗಿಯವರಿಗೆ ಒಪ್ಪಿಸುವುದೂ ಕೆಲವು ವರ್ಷಗಳಲ್ಲಿ ಮುಗಿದುಹೋಯಿತು. ನೆರೆಯವನ ಕೈಯಲ್ಲಿ ಹತ್ತು ಮಂದಿಯ ಹಣವನ್ನಿಟ್ಟು ನೆಮ್ಮದಿಯಿಂದ ನಿದ್ರಿಸುವ ಅಭ್ಯಾಸವನ್ನು ಮರಳಿ ಪಡೆಯುವುದೇ ಅತಿ ಕಠಿಣವಾಯಿತು.

ಮೊದಲು ಹಳೆಯ ಆಸ್ತಿ ಏನಿತ್ತೆಂಬುದನ್ನು ನೋಡಬೇಕು. ಝೆಕ್ ನುಡಿಯಲ್ಲಿ ಸಂಘಕ್ಕೆ 'ಸ್ಪೊಲೆಕ್' ಎಂದು ಹೆಸರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಆ ನಾಡಿನಲ್ಲಿ ಸ್ಪೊಲೆಕ್ ಇಲ್ಲದ ಪೇಟೆಯೇ ಇರಲಿಲ್ಲವೆನ್ನಬಹುದು. 1862ರಲ್ಲಿ ಮಿರೊಸ್ಲಾವ್ ತಿರ್ಶ್ ಮತ್ತು ಯಿಂದ್ರಿಖ್ ಫ್ಯೂಗ್ನರ್ ಎಂಬವರು ಪ್ರಾಗಿನಲ್ಲಿ 'ಸೊಕೊಲ್' ಎಂಬ ವ್ಯಾಯಾಮ ಸಂಘವನ್ನು ಸ್ಥಾಪಿಸಿದರು. ಅದು ಮುಂದೆ ಜನಾಂಗದ ಶಿಸ್ತಿನ ಶಾಲೆಯೇ ಆಯಿತು. 1864ರಲ್ಲಿ ವೆಲ್ವಾರಿ ಎಂಬ ಸಣ್ಣ ಊರಿನಲ್ಲಿ ಝೆಕ್ ಭಾಷಿಕರ ಮೊದಲ ಸ್ವಯಂಸೇವಕ ಅಗ್ನಿಶಾಮಕ ದಳವು ಹುಟ್ಟಿತು. ಶತಮಾನದ ಕೊನೆಯ ದಶಕಗಳಲ್ಲಿ ಹಳ್ಳಿಹಳ್ಳಿಗೆ ಹಬ್ಬಿದ ಸಹಕಾರಿ ಸಾಲಸಂಘಗಳಿಗೆ, ಅವುಗಳ ಕಲ್ಪನೆಯನ್ನು ಮೊದಲು ಮುಂದಿಟ್ಟ ಕಂಪೆಲೀಕ್ ಎಂಬ ವೈದ್ಯರ ಹೆಸರಿನಿಂದ 'ಕಂಪೆಲಿಚ್ಕಾ' ಎಂದು ಕರೆದರು. ಅವು ನಡೆದುದು ಜರ್ಮನಿಯ ರಾಯಿಫೈಸೆನ್ ಪದ್ಧತಿಯ ಮೇಲೆ: ಒಂದು ಹಳ್ಳಿ, ಪರಸ್ಪರ ಪರಿಚಯವುಳ್ಳ ಸದಸ್ಯರು, ಎಲ್ಲರಿಗೂ ಅಪರಿಮಿತವಾದ ಹೊಣೆ, ಸಂಬಳವಿಲ್ಲದ ಆಡಳಿತ ಮಂಡಲಿ. ಕನ್ನಡಿಗರಿಗೆ ಈ ಪದ್ಧತಿ ಅಪರಿಚಿತವಲ್ಲ. ಅದೇ ರಾಯಿಫೈಸೆನ್ ವಿಚಾರವು ಮದರಾಸಿನ ನಿಕಲ್ಸನ್ನರ ವರದಿಯ ಮೂಲಕ ಭಾರತಕ್ಕೆ ಬಂದು, 1904ರ ಕಾಯಿದೆಯಾಗಿ, 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರಿ ಸಂಘವಾಗಿ ಬೇರೂರಿತು. ಒಂದೇ ಬೀಜ ಎರಡು ನೆಲಗಳಲ್ಲಿ ಬಿದ್ದಿತ್ತು.

ದತ್ತಿಯ ವಿಷಯದಲ್ಲಿ ಯೋಸೆಫ್ ಹ್ಲಾವ್ಕಾ ಅವರ ಹೆಸರನ್ನು ಹೇಳದಿರಲಾಗದು. ವಾಸ್ತುಶಿಲ್ಪಿಯಾಗಿ, ಕಟ್ಟಡಗಳ ಗುತ್ತಿಗೆದಾರರಾಗಿ ಅಪಾರ ಹಣ ಗಳಿಸಿದ ಹ್ಲಾವ್ಕಾ ಅವರು 1904ರಲ್ಲಿ ತಮ್ಮ ಮತ್ತು ತೀರಿಕೊಂಡ ಇಬ್ಬರು ಪತ್ನಿಯರ ಹೆಸರಿನಲ್ಲಿ ಒಂದು ದತ್ತಿಯನ್ನು ಸ್ಥಾಪಿಸಿದರು. ಬಡ ವಿದ್ಯಾರ್ಥಿಗಳಿಗೆ ಪ್ರಾಗಿನಲ್ಲಿ ವಸತಿಗೃಹ ಕಟ್ಟಿಸಿದರು. ಈ ವಸತಿಗೃಹದ ಮಾತು ಮುಂದೆ ಬರುತ್ತದೆ.

1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟ್ ಪಕ್ಷವು ಅಧಿಕಾರವನ್ನು ಕೈವಶ ಮಾಡಿಕೊಂಡಿತು. ಅದೇ ಬೇಸಗೆಯಲ್ಲಿ ಸೊಕೊಲ್ ಸಂಘದ ಮಹಾಮೇಳವು ನಡೆಯಿತು. ಮೆರವಣಿಗೆಯಲ್ಲಿ ನಡೆದ ಅನೇಕರು ಹೊಸ ಅಧ್ಯಕ್ಷರಾದ ಗಾಟ್ವಾಲ್ಡ್ ಅವರ ವೇದಿಕೆಯ ಮುಂದೆ ಬಂದಾಗ ಮುಖವನ್ನು ಆಚೆಗೆ ತಿರುಗಿಸಿ, ರಾಜೀನಾಮೆ ಕೊಟ್ಟಿದ್ದ ಬೆನೆಶ್ ಅವರಿಗೆ ಜಯಕಾರ ಮಾಡಿದರು. ಆಸ್ಟ್ರಿಯ ಸರಕಾರವು 1915ರಲ್ಲಿಯೂ ನಾಟ್ಸಿಗಳು 1941ರಲ್ಲಿಯೂ ನಿಷೇಧಿಸಿದ್ದ ಸಂಘವು ಮೂರನೆಯ ಬಾರಿ ಅಳಿಯಿತು. ಈ ಸಲ ಅದನ್ನು ಮುಚ್ಚಿದರೆನ್ನುವುದಕ್ಕಿಂತ ನುಂಗಿದರೆನ್ನುವುದು ಸರಿ. ಅದರ ಭವನಗಳೂ ಮೈದಾನಗಳೂ ಸರಕಾರಿ ಕ್ರೀಡಾ ವ್ಯವಸ್ಥೆಗೆ ಸೇರಿದವು. ಅದರ ಸಾಮೂಹಿಕ ವ್ಯಾಯಾಮದ ಮಾದರಿಯೇ 1955ರಿಂದ 'ಸ್ಪಾರ್ತಕಿಯಾಡ' ಎಂಬ ಹೆಸರಿನಿಂದ ಪಕ್ಷದ ಉತ್ಸವವಾಯಿತು.

1951ರಲ್ಲಿ ಸಂಘಗಳ ಬಗೆಗೆ ಹೊಸ ಕಾಯಿದೆ ಬಂದಿತು. ಅದರ ಹೆಸರನ್ನು ಗಮನಿಸಬೇಕು: 'ಸ್ವೇಚ್ಛಾ ಸಂಸ್ಥೆಗಳ ಮತ್ತು ಸಭೆಗಳ ಕಾಯಿದೆ'. ಸ್ವೇಚ್ಛೆಯ ಹೆಸರಿನ ಈ ಶಾಸನದ ನೆರಳಿನಲ್ಲಿಯೇ ಸ್ವತಂತ್ರ ಸಂಘಗಳು ಒಂದೊಂದಾಗಿ ಕಣ್ಮರೆಯಾದವು. ಉಳಿದವು 'ರಾಷ್ಟ್ರೀಯ ರಂಗ' ಎಂಬ ಪಕ್ಷದ ಛತ್ರದ ಕೆಳಗೆ ನಿಲ್ಲಬೇಕಾಯಿತು. ಕಂಪೆಲಿಚ್ಕಾಗಳು ಸರಕಾರದ ಉಳಿತಾಯ ಬ್ಯಾಂಕಿನಲ್ಲಿ ಲೀನವಾದವು. ದತ್ತಿಗಳ ಆಸ್ತಿ ಸರಕಾರದ ವಶವಾಯಿತು. ಹ್ಲಾವ್ಕಾ ದತ್ತಿಯೊಂದು ಮಾತ್ರ ಹೆಸರಿಗಾದರೂ ಹೇಗೋ ಉಳಿದುಕೊಂಡಿತು.

ಹಾಗೆಂದು ಸೇವೆಯ ಮಾತು ನಿಂತುಹೋಗಲಿಲ್ಲ. ನಿಂತುಹೋಗಿದ್ದರೆ ಕೆಡುಕು ಕಡಿಮೆಯಾಗುತ್ತಿತ್ತು. 1919ರ ಏಪ್ರಿಲ್ 12ರ ಶನಿವಾರ ರಾತ್ರಿ ಮಾಸ್ಕೋದ ಒಂದು ರೈಲ್ವೆ ಕಾರ್ಯಾಗಾರದಲ್ಲಿ ಹದಿನೈದು ಮಂದಿ ಕೆಲಸಗಾರರು ಕೂಲಿಯಿಲ್ಲದೆ ದುಡಿದು ಮೂರು ಎಂಜಿನುಗಳನ್ನು ದುರಸ್ತಿ ಮಾಡಿದರು. ಅದನ್ನು ಹೊಗಳಿ ಲೆನಿನ್ ಒಂದು ಪುಸ್ತಿಕೆಯನ್ನೇ ಬರೆದರು. ಮರುವರ್ಷದ ಮೇ ದಿನದಂದು ತಾವೇ ಕ್ರೆಮ್ಲಿನ್ನಿನ ಅಂಗಳದಲ್ಲಿ ಮರದ ದಿಮ್ಮಿ ಹೊತ್ತರು. ಆ ಹದಿನೈದು ಮಂದಿಯ ಮನಸ್ಸು ನಿಜವಾದುದೇ ಇದ್ದೀತು. ಆದರೆ ಶನಿವಾರದ ಆ ದುಡಿಮೆಯು ಪದ್ಧತಿಯಾಗಿ, ಪದ್ಧತಿಯು ಆಜ್ಞೆಯಾಗಿ, ಎರಡನೆಯ ಮಹಾಯುದ್ಧದ ತರುವಾಯ ಪೂರ್ವ ಯೂರೋಪಿಗೆಲ್ಲ ಹಬ್ಬಿತು. ಝೆಕೊಸ್ಲೊವಾಕಿಯದಲ್ಲಿ ಅದರ ಪ್ರಸಿದ್ಧ ರೂಪಕ್ಕೆ 'ಅಕ್ತ್ಸೆ ಝೆಟ್' ಎಂದು ಹೆಸರು. 'ಝೆಟ್' ಎಂಬುದು ಊರಿನ ಅಭಿವೃದ್ಧಿ ಎಂಬರ್ಥದ ಶಬ್ದದ ಮೊದಲ ಅಕ್ಷರ. ಜನರಾದರೋ ಅದು 'ಪುಕ್ಕಟೆ' ಎಂಬ ಶಬ್ದದ ಮೊದಲ ಅಕ್ಷರವೆಂದು ನಗೆಯಾಡುತ್ತಿದ್ದರು. ವಾರದ ಕೊನೆಯಲ್ಲಿ ಊರಿನವರೆಲ್ಲ ಸೇರಿ ಅಂಗಡಿ, ಶಿಶುವಿಹಾರ, ಸಭಾಭವನ, ಕಾಲುದಾರಿಗಳನ್ನು ಕಟ್ಟಬೇಕು. ಯಾರು ಬಂದರು, ಯಾರು ಬರಲಿಲ್ಲವೆಂಬುದು ಊರಿನಲ್ಲಿ ತಿಳಿಯದೆ ಇರುತ್ತಿರಲಿಲ್ಲ. ಮಗನಿಗೆ ಕಾಲೇಜಿನಲ್ಲಿ ಸ್ಥಳ ಬೇಕಾದವನು ಗುದ್ದಲಿ ಹಿಡಿಯದೆ ಇರುವುದು ಜಾಣತನವಾಗಿರಲಿಲ್ಲ.

ಇಂಥ ದುಡಿಮೆಗೆ ಕನ್ನಡದಲ್ಲಿ ಬಹು ಹಳೆಯ ಹೆಸರೊಂದಿದೆ: ಬಿಟ್ಟಿ. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಈ ಮಾತು ನಮ್ಮ ಶಾಸನಗಳಲ್ಲಿಯೂ ಉಂಟು. ಝೆಕ್ ನುಡಿಯಲ್ಲಿ ಅದಕ್ಕೆ ಸಮಾನವಾದುದು 'ರೊಬೊತಾ'. ಜಮೀನುದಾರನಿಗೆ ರೈತನು ಕೂಲಿಯಿಲ್ಲದೆ ಮಾಡಬೇಕಾಗಿದ್ದ ಆ ಚಾಕರಿಯನ್ನು 1848ರಲ್ಲಿ ರದ್ದುಗೊಳಿಸಿದ್ದರು. ಅದೇ ಶಬ್ದದಿಂದ ಕಾರೆಲ್ ಚಾಪೆಕ್ ತಮ್ಮ 1920ರ ನಾಟಕಕ್ಕೆ 'ರೋಬೋಟ್' ಎಂಬ ಹೆಸರನ್ನು ತೆಗೆದುಕೊಂಡುದು ಲೋಕಕ್ಕೆಲ್ಲ ಗೊತ್ತು. ರೊಬೊತಾ ಕೇಳುತ್ತಿದ್ದ ಜಮೀನುದಾರನು ಅದನ್ನು ರೊಬೊತಾ ಎಂದೇ ಕರೆಯುತ್ತಿದ್ದನು. ಅಷ್ಟರಮಟ್ಟಿಗೆ ಅವನು ಪ್ರಾಮಾಣಿಕ. ಹೊಸ ಒಡೆಯರು ಬಿಟ್ಟಿಗೆ ಸೇವೆಯೆಂದು ಹೆಸರಿಟ್ಟರು. ಖೋಟಾ ನಾಣ್ಯವು ಚಲಾವಣೆಗೆ ಬಂದಾಗ ಅಪ್ಪಟ ನಾಣ್ಯವು ಪೆಟ್ಟಿಗೆಯೊಳಗೆ ಅಡಗುತ್ತದೆಂಬುದು ಹಣಕಾಸಿನ ಬಲ್ಲವರು ಹೇಳುವ ಹಳೆಯ ಸೂತ್ರ. ಇಲ್ಲಿಯೂ ಹಾಗೆಯೇ ಆಯಿತು.

ಅಡಗಿತು, ನಾಶವಾಗಲಿಲ್ಲ. ಆ ನಾಲ್ವತ್ತು ವರ್ಷಗಳನ್ನು ಬರಿಯ ಮರುಭೂಮಿಯೆಂದು ಚಿತ್ರಿಸುವ ಲೇಖಕರುಂಟು. ಅದು ಸರಿಯಲ್ಲ. ಹಳ್ಳಿಯ ಅಗ್ನಿಶಾಮಕ ದಳಗಳನ್ನು ಯಾವ ಆಡಳಿತವೂ ಮುಚ್ಚಲಾರದು, ಬೆಂಕಿಗೆ ಪಕ್ಷವಿಲ್ಲವಷ್ಟೆ. ಅವು ಹೆಸರಿಗೆ ರಾಷ್ಟ್ರೀಯ ರಂಗದ ಅಂಗವಾಗಿದ್ದುಕೊಂಡೇ ತಮ್ಮ ಕೆಲಸವನ್ನು ತಾವು ನಡೆಸಿದವು. 1974ರಲ್ಲಿ ಹುಟ್ಟಿದ 'ಬ್ರಾಂಟೊಸಾರಸ್' ಚಳುವಳಿಯಲ್ಲಿ ತರುಣರು ಪಕ್ಷದ ಯುವಸಂಘದ ಆಶ್ರಯದಲ್ಲಿಯೇ ಕಾಡುಗಳನ್ನು ಶುಚಿಗೊಳಿಸಿದರು, ಗಿಡ ನೆಟ್ಟರು. ಬಾಲವೀರರ ಸಂಘವು ನಿಷಿದ್ಧವಾಗಿ, 1968ರಲ್ಲಿ ಎದ್ದು, 1970ರಲ್ಲಿ ಮತ್ತೆ ನಿಷಿದ್ಧವಾಯಿತಾದರೂ, ಅದರ ಹಿರಿಯರು ಪ್ರವಾಸ ಸಂಘಗಳ ಹೆಸರಿನಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯುವುದನ್ನು ಬಿಡಲಿಲ್ಲ. ಇನ್ನೊಂದು ಕಡೆ, 1977ರ ಜನವರಿಯಲ್ಲಿ ಪ್ರಕಟವಾದ 'ಚಾರ್ಟರ್ 77' ಎಂಬ ಹಕ್ಕುಪತ್ರಕ್ಕೆ ಸಹಿ ಹಾಕಿದವರು, ಮರುವರ್ಷ ಅನ್ಯಾಯವಾಗಿ ಸೆರೆಯಾದವರ ರಕ್ಷಣೆಗಾಗಿ ಒಂದು ಸಮಿತಿಯನ್ನು ಕಟ್ಟಿದರು. ನೋಂದಣಿಯಿಲ್ಲ, ಕಚೇರಿಯಿಲ್ಲ. ಅದರ ಸದಸ್ಯರಲ್ಲಿ ಹಲವರು 1979ರಲ್ಲಿ ತಾವೇ ಸೆರೆಮನೆಗೆ ಹೋದರು. ನಾಟಕಕಾರ ವಾತ್ಸ್ಲಾವ್ ಹಾವೆಲ್ ಅವರಲ್ಲೊಬ್ಬರು. ಸೇವೆಗೆ ಸರಕಾರವು ಶಿಕ್ಷೆಯನ್ನು ವಿಧಿಸಿದಾಗ ಅದು ಸ್ವೇಚ್ಛೆಯದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

1988ರ ಡಿಸೆಂಬರಿನಲ್ಲಿ ಆರ್ಮೇನಿಯದಲ್ಲಿ ಘೋರ ಭೂಕಂಪವಾಯಿತು. ಶಿಮೊನ್ ಪಾನೆಕ್ ಎಂಬ ವಿದ್ಯಾರ್ಥಿಯೂ ಕೆಲವು ಗೆಳೆಯರೂ ಪಕ್ಷದ ಅಪ್ಪಣೆಗಾಗಿ ಕಾಯದೆ ಅಲ್ಲಿಯ ಸಂತ್ರಸ್ತರಿಗೆ ಸಾಮಗ್ರಿಯನ್ನು ಕೂಡಿಸಿ ಕಳುಹಿಸಿದರು. ಭೂಕಂಪವಾದುದು ಸೋವಿಯತ್ ನೆಲದಲ್ಲಿ. ಬೇಡವೆನ್ನಲು ಅಧಿಕಾರಿಗಳ ಬಾಯಿ ಕಟ್ಟಿತ್ತು. ಹನ್ನೊಂದು ತಿಂಗಳ ಮೇಲೆ, 1989ರ ನವೆಂಬರ್ 17ರಂದು, ಪ್ರಾಗಿನ ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ಐವತ್ತು ವರ್ಷಗಳ ಹಿಂದೆ ಅದೇ ದಿನ ನಾಟ್ಸಿಗಳು ವಿದ್ಯಾರ್ಥಿಗಳ ವಸತಿಗೃಹಗಳ ಮೇಲೆ ಎರಗಿದ್ದರು. ಹ್ಲಾವ್ಕಾ ಅವರ ದತ್ತಿಯಿಂದಾದ ಮನೆಯೂ ಅವುಗಳಲ್ಲೊಂದು. ಅಂದು ಪ್ರಾಣ ತೆತ್ತವರ ಸ್ಮರಣೆಗೆಂದು ಹೊರಟ ಮೆರವಣಿಗೆಯ ಮೇಲೆ ಲಾಠಿ ಬಿದ್ದಿತು. ಕೆಲವೇ ವಾರಗಳಲ್ಲಿ ಆಡಳಿತವು ಬಿದ್ದಿತು. ಪಾನೆಕ್ ಅಂದಿನ ವಿದ್ಯಾರ್ಥಿ ನಾಯಕರಲ್ಲಿ ಒಬ್ಬರು. 1992ರಲ್ಲಿ ಹುಟ್ಟಿದ 'ಚ್ಲೊವ್ಯೆಕ್ ವ್ ತೀಸ್ನಿ', ಎಂದರೆ 'ಸಂಕಟದಲ್ಲಿರುವ ಮನುಷ್ಯ', ಎಂಬ ಪರಿಹಾರ ಸಂಸ್ಥೆಯ ಸ್ಥಾಪಕರಲ್ಲಿಯೂ ಅವರೊಬ್ಬರು.

1990ರ ಸಂಘಸ್ಥಾಪನೆಯ ಕಾಯಿದೆಯು ಅತ್ಯಂತ ಸರಳವಾದುದು. ಮೂವರು ನಾಗರಿಕರು, ಅವರಲ್ಲಿ ಒಬ್ಬನು ಹದಿನೆಂಟು ದಾಟಿದವನಾಗಿದ್ದರೆ ಸಾಕು, ಅರ್ಜಿ ಕೊಟ್ಟು ಸಂಘವನ್ನು ನೋಂದಾಯಿಸಬಹುದಾಗಿತ್ತು. ಆ ದಶಕದಲ್ಲಿ ಸಹಸ್ರಗಟ್ಟಲೆ ಸಂಘಗಳು ಹುಟ್ಟಿದವು. ಸೊಕೊಲ್ ಮರಳಿತು; ಬಾಲವೀರರು ಮೂರನೆಯ ಬಾರಿ ಸಮವಸ್ತ್ರ ತೊಟ್ಟರು. ಅಧ್ಯಕ್ಷರಾದ ಹಾವೆಲ್ ಅವರ ಪತ್ನಿ ಓಲ್ಗಾ ಹಾವ್ಲೊವಾ ಅವರು ಅದೇ 1990ರಲ್ಲಿ ಅಂಗವಿಕಲರಿಗೂ ಅನಾಥರಿಗೂ ನೆರವಾಗಲೆಂದು 'ಸದಿಚ್ಛಾ ಸಮಿತಿ'ಯನ್ನು ಸ್ಥಾಪಿಸಿದರು. ಝೆಕ್ ನುಡಿಯಲ್ಲಿ ಸ್ವಯಂಸೇವಕ ಎಂಬ ಶಬ್ದವೇ 'ಒಳ್ಳೆಯ ಇಚ್ಛೆ' ಎಂಬೆರಡು ಮಾತುಗಳಿಂದಾದುದು. ಹೊಲಸಾಗಿದ್ದ ಸಮಸ್ತಪದವನ್ನು ಬಿಡಿಸಿ, ತೊಳೆದು, ಮೂಲ ಶಬ್ದಗಳನ್ನು ಮಾತ್ರ ಅವರು ಎತ್ತಿಕೊಂಡಂತಿತ್ತು.

ಆದರೆ ಹಣದ ವಿಷಯದಲ್ಲಿ ಕಥೆ ಬೇರೆ. ದತ್ತಿಪ್ರತಿಷ್ಠಾನವೆಂದು ಹೆಸರಿಡಲು ಮೂಲಧನ ಇಷ್ಟಿರಬೇಕೆಂಬ ನಿಯಮವಿರಲಿಲ್ಲವಾಗಿ, 1997ರ ಹೊತ್ತಿಗೆ ಸುಮಾರು ಐದು ಸಾವಿರ ಪ್ರತಿಷ್ಠಾನಗಳು ಪುಸ್ತಕದಲ್ಲಿದ್ದವು. ಬಹುಪಾಲಿಗೆ ಮೊಹರೊಂದೇ ಆಸ್ತಿ. ಕೆಲವು ಒಳ್ಳೆಯ ಕೆಲಸ ಮಾಡಿದವು. ಕೆಲವು ತೆರಿಗೆ ತಪ್ಪಿಸುವ ಸುರಂಗಗಳಾದವು. ಇನ್ನೂ ದುಃಖಕರವಾದುದು ಸಾಲಸಂಘಗಳ ಗತಿ. 1995ರ ಕಾಯಿದೆಯಿಂದ ಕಂಪೆಲಿಚ್ಕಾಗಳಿಗೆ ಪುನರ್ಜನ್ಮ ದೊರೆಯಿತು. ಅಜ್ಜನ ಕಾಲದ ಆ ಹೆಸರನ್ನು ನಂಬಿ ಜನರು ಹಣವಿಟ್ಟರು. ಹೆಸರು ಹಿಂದಿರುಗಿತ್ತು, ಒಂದೇ ಹಳ್ಳಿಯ ಪರಿಚಯ, ಅಪರಿಮಿತ ಹೊಣೆ, ಸಂಬಳವಿಲ್ಲದ ಮಂಡಲಿ ಇವು ಹಿಂದಿರುಗಿರಲಿಲ್ಲ. 1999 ಮತ್ತು 2000ದಲ್ಲಿ ಅವುಗಳಲ್ಲಿ ಅನೇಕ ಸಂಘಗಳು ಕುಸಿದು ಠೇವಣಿದಾರರು ಬೀದಿಗೆ ಬಿದ್ದರು. ಬಿಟ್ಟಿಯು ಸೇವೆಯ ಹೆಸರನ್ನು ಕೆಡಿಸಿದಂತೆ, ಲೋಭವು ಸಹಕಾರದ ಹೆಸರನ್ನು ಕೆಡಿಸಿತು.

ಈ ನಡುವೆ ಸಿದ್ಧಾಂತದ ಮಟ್ಟದಲ್ಲಿ ಒಂದು ದೊಡ್ಡ ವಾದ ನಡೆಯಿತು. 1993ರ ಜನವರಿ 1ರಂದು ಸ್ಲೊವಾಕಿಯ ಬೇರ್ಪಟ್ಟಿತ್ತು. ಝೆಕ್ ಗಣರಾಜ್ಯದ ಅಧ್ಯಕ್ಷರು ಹಾವೆಲ್, ಪ್ರಧಾನಿ ಅರ್ಥಶಾಸ್ತ್ರಜ್ಞ ವಾತ್ಸ್ಲಾವ್ ಕ್ಲಾವ್ಸ್. ಪ್ರಜೆಗೂ ಸರಕಾರಕ್ಕೂ ನಡುವೆ ಸಂಘಗಳ ದಟ್ಟವಾದ ಬಲೆಯಿರಬೇಕು, ಇಲ್ಲದಿದ್ದರೆ ಪ್ರಜಾಪ್ರಭುತ್ವವು ಬರಿಯ ಚುನಾವಣೆಯಾದೀತೆಂಬುದು ಹಾವೆಲರ ವಾದ. ಸ್ವತಂತ್ರ ವ್ಯಕ್ತಿಗಳು, ಅವರು ಆರಿಸಿದ ಪಕ್ಷಗಳು, ಮುಕ್ತ ಮಾರುಕಟ್ಟೆ ಇವಿಷ್ಟು ಸಾಕು. ಯಾರೂ ಆರಿಸದ ಸಂಘಗಳು ಎಲ್ಲರ ಪರವಾಗಿ ಮಾತನಾಡುವುದು ಅಪಾಯವೆಂಬುದು ಕ್ಲಾವ್ಸರ ವಾದ. 1994ರ ಮೇ ತಿಂಗಳಲ್ಲಿ ಇಬ್ಬರೂ ಒಂದೇ ವೇದಿಕೆಯ ಮೇಲೆ ಇದನ್ನು ಚರ್ಚಿಸಿದರು. ನಾಲ್ವತ್ತು ವರ್ಷ 'ಸಮುದಾಯ'ದ ಹೆಸರಿನಲ್ಲಿ ವ್ಯಕ್ತಿಯನ್ನು ತುಳಿದುದನ್ನು ಕಂಡವರಿಗೆ ಕ್ಲಾವ್ಸರ ಸಂಶಯವು ಅರ್ಥವಾಗದಿರದು. ಆದರೆ ರಂಗಮಂದಿರವನ್ನು ಕಟ್ಟಿದ ಜನರನ್ನೂ ಯಾರೂ ಚುನಾಯಿಸಿರಲಿಲ್ಲ. ಮಾರುಕಟ್ಟೆ ಕೊಡದ, ಸರಕಾರ ಕೊಡಲೊಲ್ಲದ ವಸ್ತುಗಳು ಲೋಕದಲ್ಲಿ ಉಂಟೆಂಬ ಮಾತಿಗೆ ಕ್ಲಾವ್ಸರಲ್ಲಿ ತಕ್ಕ ಉತ್ತರವಿರಲಿಲ್ಲ.

ಆದರೂ ವಿಚಿತ್ರವೆಂದರೆ, ಆ ಕ್ಷೇತ್ರಕ್ಕೆ ಅತ್ಯಂತ ಗಟ್ಟಿಯಾದ ಆಧಾರವು ದೊರೆತುದು ಖಾಸಗೀಕರಣದಿಂದಲೇ. ಸರಕಾರಿ ಉದ್ಯಮಗಳ ಷೇರುಗಳನ್ನು ಕೂಪನ್ನುಗಳ ಮೂಲಕ ಪ್ರಜೆಗಳಿಗೆ ಹಂಚಿದಾಗ, ಎರಡನೆಯ ಸುತ್ತಿನ ಷೇರುಗಳಲ್ಲಿ ನೂರಕ್ಕೆ ಒಂದು ಪಾಲನ್ನು ದತ್ತಿಗಳಿಗಾಗಿ ತೆಗೆದಿರಿಸಿದ್ದರು. ಹಂಗೇರಿಯವರು 1996ರಲ್ಲಿ ಬೇರೆ ದಾರಿ ಹಿಡಿದು, ತೆರಿಗೆ ಕೊಡುವವನು ತನ್ನ ಆದಾಯತೆರಿಗೆಯ ನೂರಕ್ಕೆ ಒಂದು ಪಾಲನ್ನು ತಾನು ಮೆಚ್ಚಿದ ಸಂಸ್ಥೆಗೆ ಸೂಚಿಸಬಹುದೆಂದರು. ಅದು ಜನಪ್ರಿಯವಾಯಿತು, ನೆರೆಹೊರೆಯ ನಾಡುಗಳೂ ಅನುಕರಿಸಿದವು. ಆದರೆ ಅದು ವರ್ಷವರ್ಷವೂ ಬಂದು ವರ್ಷವರ್ಷವೂ ಕರಗುವ ಹಣ; ಕೊಡುವವನ ಕಿಸೆಗೂ ಅದು ತಾಗುವುದಿಲ್ಲ. ಝೆಕ್ಕರ ಪಾಲು ಮೂಲಧನವಾಯಿತು. ಅದನ್ನು ಹಂಚುವ ಮೊದಲು 1997ರ ದತ್ತಿ ಕಾಯಿದೆಯು ಬಂದಿತು: ಪ್ರತಿಷ್ಠಾನವೆನಿಸಿಕೊಳ್ಳಲು ಕನಿಷ್ಠ ಐದು ಲಕ್ಷ ಕ್ರೌನ್ ಮೂಲಧನವಿರಬೇಕು, ಆಡಳಿತದ ವೆಚ್ಚಕ್ಕೆ ಮಿತಿಯಿರಬೇಕು, ವಾರ್ಷಿಕ ವರದಿಯನ್ನು ಪ್ರಕಟಿಸಬೇಕು. ಐದು ಸಾವಿರವಿದ್ದವು ಕೆಲವು ನೂರಕ್ಕೆ ಇಳಿದವು. ಪ್ರಾಮಾಣಿಕವಾದ ಸಣ್ಣ ಸಂಸ್ಥೆಗಳೂ ಹೆಸರು ಬದಲಿಸಿಕೊಳ್ಳಬೇಕಾಯಿತು. ಕಾಯಿದೆಯು ಕಠೋರವೆಂದು ಗೊಣಗಿದವರಿದ್ದರು. ಕಠೋರವೇ ಸರಿ, ಆದರೆ ಆ ಜರಡಿಯಿಲ್ಲದೆ 1999ರಿಂದ ಎಪ್ಪತ್ತಕ್ಕೂ ಹೆಚ್ಚು ಪ್ರತಿಷ್ಠಾನಗಳಿಗೆ ಷೇರುಗಳ ಹಣವನ್ನು ಒಪ್ಪಿಸುವುದು ಸಾಧ್ಯವಿರಲಿಲ್ಲ. ಮೂಲಧನವನ್ನು ಮುಟ್ಟುವಂತಿಲ್ಲ, ಅದರ ಫಲವನ್ನು ಮಾತ್ರ ಹಂಚಬೇಕೆಂಬುದು ಷರತ್ತು. ಹ್ಲಾವ್ಕಾ ಅವರಿಗೆ ಈ ಷರತ್ತು ಹೊಸದೆನಿಸುತ್ತಿರಲಿಲ್ಲ.

ಕಾಯಿದೆಗಳು ಹೀಗೆ ಸಿದ್ಧವಾಗುತ್ತಿರುವಾಗ, 1997ರ ಜುಲೈಯಲ್ಲಿ, ಮೊರಾವಿಯ ಪ್ರಾಂತದಲ್ಲಿ ಮಹಾಪ್ರವಾಹವು ಬಂದು ಸುಮಾರು ಐವತ್ತು ಮಂದಿ ಸತ್ತರು. ತ್ರೌಬ್ಕಿ ಎಂಬ ಹಳ್ಳಿಯೊಂದರಲ್ಲಿಯೇ ಒಂಬತ್ತು ಮಂದಿ. ಸುಡದ ಇಟ್ಟಿಗೆಯ ಅಲ್ಲಿಯ ಮನೆಗಳು ನೀರಿನಲ್ಲಿ ನೆನೆದು ಕರಗಿಬಿದ್ದವು. ಪ್ರಾಗಿನಿಂದ, ಬೊಹೀಮಿಯದ ಊರುಗಳಿಂದ ಜನರು ಸಲಿಕೆ ಹಿಡಿದು ಹೊರಟರು. ಹಳ್ಳಿಯ ಅಗ್ನಿಶಾಮಕ ದಳಗಳು ಪಂಪುಗಳೊಂದಿಗೆ ಬಂದವು. ಆಜ್ಞೆಯಿಲ್ಲ, ಹಾಜರಿ ಪುಸ್ತಕವಿಲ್ಲ. 'ಅಕ್ತ್ಸೆ ಝೆಟ್'ನಲ್ಲಿ ಹಿಡಿದಿದ್ದ ಅದೇ ಸಲಿಕೆಯನ್ನು ಅದೇ ಕೈಗಳು ಬೇರೆ ಮನಸ್ಸಿನಿಂದ ಹಿಡಿದುದು ಅಂದು. 2002ರ ಆಗಸ್ಟಿನಲ್ಲಿ ವ್ಲತಾವಾ ನದಿಯೇ ಉಕ್ಕಿ ಪ್ರಾಗಿನ ತಗ್ಗಿನ ಬೀದಿಗಳನ್ನು ಮುಳುಗಿಸಿದಾಗ ಈ ಅನುಭವವು ಕೈಹಿಡಿಯಿತು.

ಉತ್ಸಾಹದ ಹಿಂದೆಯೇ ಲೆಕ್ಕವೂ ಬಂದಿತು. 2001ರ ಸಾರ್ವಜನಿಕ ಚಂದಾ ಕಾಯಿದೆಯ ಪ್ರಕಾರ ಹಣ ಎತ್ತುವವರು ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕು, ಡಬ್ಬಿಗೆ ಮೊಹರಿರಬೇಕು, ಬ್ಯಾಂಕಿನಲ್ಲಿ ಅದಕ್ಕೆಂದೇ ಬೇರೆ ಖಾತೆಯಿರಬೇಕು, ಕೊನೆಗೆ ಲೆಕ್ಕ ಒಪ್ಪಿಸಬೇಕು. 2002ರ ಸ್ವಯಂಸೇವಾ ಕಾಯಿದೆಯು ಸೇವಕನಿಗೂ ಸಂಸ್ಥೆಗೂ ನಡುವೆ ಕರಾರು, ವಿಮೆ, ತರಬೇತು ಇವನ್ನು ವಿಧಿಸಿತು. ಒಳ್ಳೆಯ ಕೆಲಸಕ್ಕೆ ಕರಾರೇಕೆಂದು ಕೇಳಬಹುದು. ಕರಾರಿನಲ್ಲಿ ಎರಡು ಪಕ್ಷಗಳಿರುತ್ತವೆ, ಎರಡಕ್ಕೂ ಒಲ್ಲೆನೆನ್ನುವ ಹಕ್ಕಿರುತ್ತದೆ. ಬಿಟ್ಟಿಯಲ್ಲಿ ಇಲ್ಲದಿದ್ದುದು ಅದೊಂದೇ.

ನೂತನ ನಾಗರಿಕ ಸಂಹಿತೆಯು 2014ರ ಜನವರಿ 1ರಂದು ಜಾರಿಗೆ ಬಂದಾಗ 'ನಾಗರಿಕ ಕೂಟ'ಗಳೆಂಬ 1990ರ ಹೆಸರು ಹೋಗಿ, ಅಜ್ಜಂದಿರ 'ಸ್ಪೊಲೆಕ್' ಎಂಬ ಹೆಸರೇ ಕಾಯಿದೆಗೆ ಹಿಂದಿರುಗಿತು. ಸಂಘಗಳ ದಫ್ತರವು ಗೃಹಮಂತ್ರಾಲಯದಿಂದ ನ್ಯಾಯಾಲಯಗಳಿಗೆ ವರ್ಗವಾಯಿತು. ಪೋಲೀಸರ ಮಂತ್ರಿಯ ಕಪಾಟಿನಿಂದ ಸಂಘಗಳ ಪಟ್ಟಿ ಹೊರಬೀಳಲು ಇಪ್ಪತ್ತನಾಲ್ಕು ವರ್ಷಗಳೇ ಬೇಕಾದವು. ಸಣ್ಣ ಸಂಘಗಳ ಕಾರ್ಯದರ್ಶಿಗಳು ನಿಯಮಾವಳಿಯನ್ನು ತಿದ್ದಿ ಬರೆಯುವ ತೊಂದರೆಗೆ ಬೇಸತ್ತರೆಂಬುದೂ ನಿಜ.

2021ರ ಜೂನ್ 24ರಂದು ದಕ್ಷಿಣ ಮೊರಾವಿಯದ ಹಳ್ಳಿಗಳ ಮೇಲೆ ಸುಂಟರಗಾಳಿಯು ಎರಗಿ ಮನೆಗಳ ಮಾಡನ್ನು ಕಿತ್ತೆಸೆದಾಗ, ಜನರು ಕೊಟ್ಟ ಹಣವು ನೂರು ಕೋಟಿ ಕ್ರೌನುಗಳನ್ನು ಮೀರಿತು. ಅದರಲ್ಲಿ ಒಂದು ಭಾಗವು ಬಂದುದು ಅಲ್ಲಿಯ ಬ್ಯಾಂಕುಗಳು 'ಪಾರದರ್ಶಕ ಖಾತೆ' ಎಂದು ಕರೆಯುವ ಖಾತೆಗಳಿಗೆ. ಅಂಥ ಖಾತೆಗೆ ಬಂದ ಒಂದೊಂದು ಮೊತ್ತವನ್ನೂ, ಅದರಿಂದ ಹೊರಗೆ ಹೋದ ಒಂದೊಂದು ಪಾವತಿಯನ್ನೂ, ಖಾತೆದಾರನೇ ಅಲ್ಲ, ಯಾವನೇ ಪ್ರಜೆಯು ತನ್ನ ಮನೆಯಲ್ಲಿ ಕುಳಿತು ನೋಡಬಹುದು. ನೂರು ಕ್ರೌನ್ ಕೊಟ್ಟ ಮುದುಕಿಯೂ ಆ ಪುಟವನ್ನು ತೆರೆದು, ಹಂಚಿನ ಬಿಲ್ಲು ಯಾವ ದಿನ ಪಾವತಿಯಾಯಿತೆಂದು ಓದಿಕೊಳ್ಳಬಲ್ಲಳು.